ಉಣುಗು ಕುಡಿದ ರಕ್ತ

ಹಸಿದ ಉಣುಗಿನ ಪಟ್ಟಿಯಲ್ಲಿ ಗೆರೆಯಿಲ್ಲ. ರಕ್ತ ಕುಡಿದ ಉಣುಗಿನದರಲ್ಲಿ ದಪ್ಪನೆಯ ಗೆರೆ. ಜೆರೋಟಿಚ್ ಹುಡುಕುತ್ತಿದ್ದ ಪ್ರೋಟೀನು ಅದು. ಕಚ್ಚಿದ ಮೇಲಷ್ಟೇ ಉಣುಗು ಅದನ್ನು ತಯಾರಿಸುತ್ತದೆ ಎಂದು ಶುಕ್ರವಾರ ನೈರೋಬಿಯ ಸಭೆಯಲ್ಲಿ ಅವಳು ಹೇಳಬೇಕಿತ್ತು. ಅವಳ ಪಿಎಚ್‌ಡಿ ನಿಂತಿದ್ದೇ ಆ ಮಾತಿನ ಮೇಲೆ.

ಪ್ರೋಟೀನನ್ನು ಮೊಲಕ್ಕೆ ಚುಚ್ಚಿ, ಅದರ ರಕ್ತದಿಂದ ಪ್ರತಿಕಾಯಗಳನ್ನು ತೆಗೆದಿದ್ದರು. ಉಣುಗನ್ನು ಅರೆದ ಸಾರ ಅಂಟಿದ ಪೊರೆಯ ಪಟ್ಟಿಯ ಮೇಲೆ ಅವನ್ನು ಸುರಿದರೆ, ಪ್ರೋಟೀನು ಇದ್ದಲ್ಲಿ ಹೋಗಿ ಹಿಡಿಯುತ್ತವೆ. ಆಮೇಲೆ ಆಡಿನ ಪ್ರತಿಕಾಯ. ಅದು ಮೊಲದ ಪ್ರತಿಕಾಯ ಕಂಡಲ್ಲೆಲ್ಲ ಅಂಟಿ ಗೆರೆಯಾಗಿ ಬೆಳಗುತ್ತದೆ.

ಬುಧವಾರ ಬೆಳಿಗ್ಗೆ ಸಹಪಾಠಿ ವಾಫುಲಾ ಮೊಲದ ಕಿವಿಗೆ ಉಣುಗು ಬಿಟ್ಟು ಅಂಟಿಸಿದ್ದ ಬಟ್ಟೆಚೀಲ ಬಿಚ್ಚಿ, ಊದಿಕೊಂಡ ಉಣುಗುಗಳನ್ನು ತಟ್ಟೆಗೆ ಸುರಿದ.

“ನೋಡೇ ಮಾರಾಯ್ತಿ, ಹೊಟ್ಟೆಬಾಕರು! ಉಗಾಳಿ ಮುದ್ದೆ ಉಂಡೆದ್ದ ನಮ್ಮ ಮಾವನ ಥರಾನೇ ಇದಾವೆ.”

ಅವಳು ನಗಲಿಲ್ಲ. ಒಂದನ್ನು ಚಿಮುಟದಲ್ಲಿ ಎತ್ತಿ ಬೆಳಕಿಗೆ ಹಿಡಿದಳು.

“ವಾಫುಲಾ, ಇದರ ಹೊಟ್ಟೇಲಿರೋದು ಯಾರ ರಕ್ತ?”

“ಮೊಲದ್ದು. ಇನ್ನೇನು ನಂದಾ?” ಎಂದವನ ನಗು ಅರ್ಧಕ್ಕೇ ನಿಂತಿತು. “ಅಯ್ಯೋ.”

ಮೊಲದ ರಕ್ತದಲ್ಲಿ ಮೊಲದ ಪ್ರತಿಕಾಯ ಇದ್ದೇ ಇರುತ್ತದೆ. ಅದು ಅವಳು ಸುರಿದದ್ದೋ ಉಣುಗು ಕುಡಿದದ್ದೋ ಎಂದು ಆಡಿನ ಪ್ರತಿಕಾಯ ವಿಚಾರಿಸುವುದಿಲ್ಲ. ಮೊದಲ ಪ್ರತಿಕಾಯ ಹಾಕದೆ ಮಾಡುವ ಪರೀಕ್ಷೆಯನ್ನು ಅವಳು ಹಸಿದ ಉಣುಗಿನ ಮೇಲಷ್ಟೇ ಮಾಡಿದ್ದಳು. ಉಣುಗುಗಳನ್ನು ಮೊಲದ ಮೇಲೆ ಸಾಕುವುದು ಅಲ್ಲಿ ಎಷ್ಟು ಹಳೆಯ ರೂಢಿಯೆಂದರೆ, ಆ ಮೊಲಗಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಸುಮ್ಮನಿರಬಹುದಿತ್ತು. ಆದರೆ ಒಮ್ಮೆ ಹೊಕ್ಕ ಪ್ರಶ್ನೆ ಭಯಕ್ಕಿಂತ ಹೆಚ್ಚು ಕಾಡಿತು. ಮಧ್ಯಾಹ್ನವೇ ಕುಡಿದ ಉಣುಗಿನ ಪಟ್ಟಿಯೊಂದಕ್ಕೆ ಆಡಿನ ಪ್ರತಿಕಾಯವನ್ನಷ್ಟೇ ಸುರಿದಳು. ಗೆರೆ ಅದೇ ಜಾಗದಲ್ಲಿ ಬೆಳಗಿತು. ಅವಳು ಅದನ್ನು ತುಂಬ ಹೊತ್ತು ನೋಡುತ್ತ ಕುಳಿತಳು.

ಅವಳ ಮಾರ್ಗದರ್ಶಿ ಪ್ರೊಫೆಸರ್ ಮುಟಿಂಡಾ ಚಹಾದ ಲೋಟ ಹಿಡಿದು ಬಂದರು.

“ಸರ್, ಶುಕ್ರವಾರ ನಾನು ಮಾತಾಡಲ್ಲ.”

“ಯಾಕಮ್ಮಾ, ಹುಷಾರಿಲ್ವಾ?”

“ಈ ಗೆರೆ ಮೊಲದ್ದು ಸರ್, ಉಣುಗಿನದ್ದಲ್ಲ.”

ಅವರು ಪಟ್ಟಿಯನ್ನು ನೋಡಿದರು. ಚಹಾ ಆರಿತು.

“ಪೂರ್ತಿ ಮೊಲದ್ದೇನಾ?” ಕೊನೆಗೆ ಕೇಳಿದರು.

“ಅದೇ ಗೊತ್ತಾಗ್ಬೇಕು. ಮೊಲದ ರಕ್ತ ಕುಡೀದಿರೋ ಉಣುಗು ಬೇಕು. ಒಂದು ಕರು ಕೊಡ್ಸಿ.”

“ಮಗಳ ಮದುವೆಗೆ ತೆರ ಅಂತ ದನ ಕೇಳೋ ಹಾಗೆ ಕೇಳ್ತೀಯಲ್ಲಾ!” ಎಂದರೂ ಫೋನು ತೆಗೆದು, ಸಭೆಯವರಿಗೆ ಅವಳ ಹೆಸರು ತೆಗೆಯಲು ಹೇಳಿದರು.

ಕರುವಿನ ಕಿವಿ ಕಚ್ಚಿದ ಉಣುಗುಗಳು ಮುಂದಿನ ವಾರ ಹೊಟ್ಟೆ ತುಂಬಿ ಉದುರಿದವು. ಎರಡೂ ಪ್ರತಿಕಾಯ ಸುರಿದರೂ ಈ ಸಲ ದಪ್ಪ ಗೆರೆ ಇರಲಿಲ್ಲ. ತುಂಬ ಹೊತ್ತು ಕಾದ ಮೇಲೆ, ಹಳೆಯ ಗೆರೆಯ ಜಾಗಕ್ಕಿಂತ ಸ್ವಲ್ಪ ಕೆಳಗೆ, ಕೂದಲೆಳೆಯಂಥದ್ದೊಂದು ಮೂಡಿತು.

“ಏನೇ ಇದು?” ವಾಫುಲಾ ಬಗ್ಗಿದ. “ಇದಕ್ಕೋಸ್ಕರಾನಾ ಇಷ್ಟೆಲ್ಲ?”

“ಗೊತ್ತಿಲ್ಲ ಕಣೋ,” ಎಂದಳು. ಮೊದಲ ಪ್ರತಿಕಾಯ ಹಾಕದ ಪಟ್ಟಿಯನ್ನು ಪಕ್ಕಕ್ಕಿಟ್ಟಳು. ಅದು ಖಾಲಿಯಿತ್ತು; ಹಾಗಾದರೆ ಈ ಎಳೆ ಕುಡಿದ ರಕ್ತದ್ದಲ್ಲ. ಅವಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು.