ಏಳದ ಬಲಗೈ

ಸಮ್ಮೋಹನಕ್ಕೆ ಒಳಗಾಗುವವರೆಲ್ಲ ಬುದ್ಧಿಯಿಲ್ಲದವರು ಎಂದು ಸಂಶೋಧಕಿಯ ಭಾವ ಊರೆಲ್ಲ ಡಂಗುರ ಸಾರುತ್ತಿದ್ದ. ವಕೀಲ ತಾನೆ, ಬಾಯಿಗೆ ಬೀಗವಿಲ್ಲ. ಎದೆಬಡಿತಗಳ ನಡುವಿನ ಅಂತರ ಎಷ್ಟು ಏರಿಳಿಯುತ್ತದೆಂದು ನೋಡಿ, ಯಾರು ಬೇಗ ಸಮ್ಮೋಹನಕ್ಕೆ ಒಳಗಾಗುತ್ತಾರೆಂದು ಹೇಳಬಹುದೇ ಎಂಬುದು ಅವಳ ಸಂಶೋಧನೆ. "ಬನ್ನಿ ಭಾವ, ನೋಡೇ ಬಿಡೋಣ" ಎಂದು ಕರೆತಂದಳು.

ಅಂಗಿಯ ಗುಂಡಿ ಬಿಚ್ಚಿಸಿ ಎದೆಗೆ ತಂತಿ ಅಂಟಿಸಿದಳು. ಎಲ್ಲರಿಗೂ ಕೇಳಿಸುವ ಅದೇ ಧ್ವನಿಮುದ್ರಣ ಹಾಕಿದಳು: "ನಿಮ್ಮ ಬಲಗೈ ಹಗುರವಾಗುತ್ತಿದೆ, ತಾನಾಗಿ ಮೇಲೇಳುತ್ತಿದೆ." ಕೈ ಕೊರಡಿನಂತೆ ಬಿದ್ದೇ ಇತ್ತು. ಅವನ ಹೆಸರಿನ ಮುಂದೆ ಅಂಕ ಸೊನ್ನೆ ಎಂದು ಬರೆದಳು.

"ನೋಡಿದ್ಯಾ? ನನ್ನ ಹತ್ರ ನಿನ್ನ ಬೇಳೆ ಬೇಯಲ್ಲ" ಎಂದು ಭಾವ ಮೀಸೆ ತಿರುವಿದ.

ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಅವನು ಯಾರ ಕೈಕೆಳಗೆ ದುಡಿಯುತ್ತಿದ್ದನೋ ಆ ಹಿರಿಯ ವಕೀಲರು. ಒಂದು ಗದರಿಕೆ ಕಿವಿಗೆ ಬಿದ್ದದ್ದೇ ತಡ, ತಂತಿಗಳ ಸಮೇತ ಎದ್ದು ನಿಂತ. "ಹೌದು ಸಾರ್, ತಪ್ಪಾಯ್ತು ಸಾರ್." ಪರದೆಯ ಮೇಲೆ ಬಡಿತಗಳು ಏರಿಳಿತ ಮರೆತು ಕವಾಯತು ಮಾಡುವ ಪೊಲೀಸರಂತೆ ಸಮಸಮವಾಗಿ ಓಡತೊಡಗಿದವು. ಏಳದ ಬಲಗೈ ತಾನಾಗಿಯೇ ಎದ್ದು, ಫೋನಿನ ಆಚೆಯಿಂದ ಇವನು ಕಣ್ಣಿಗೇ ಬೀಳದ ಆ ಮನುಷ್ಯನ ಮರ್ಯಾದೆಗೆ ಅಂಗಿಯ ಗುಂಡಿ ಹಾಕತೊಡಗಿತು.

ಅವಳು ಸೊನ್ನೆಯನ್ನು ಅಳಿಸಲಿಲ್ಲ.

"ತಪ್ಪು ನಂದೇ ಭಾವ" ಎಂದಳು. "ಧ್ವನಿ ಯಾರದ್ದಿರ್ಬೇಕು ಅಂತ ನಿಮ್ಮನ್ನೇ ಕೇಳ್ಬೇಕಿತ್ತು."