ನಲವತ್ತು ನಿಮಿಷದ ಒಪ್ಪಿಗೆ

ಎಂಟು ದಿನದ ನಿಯಮ ಬರೆದವಳು ನಾನೇ. ಯಾರೇ ಏನೇ ಬದಲಾವಣೆ ಮಾಡಬೇಕೆಂದರೂ ಮೊದಲು ಮೇಲಿಂಗ್ ಲಿಸ್ಟಿಗೆ ಬರೆಯಬೇಕು, ಒಂದು ಸಂತೆಯಿಂದ ಇನ್ನೊಂದು ಸಂತೆಯವರೆಗೆ ಕಾಯಬೇಕು. ಅಷ್ಟರೊಳಗೆ ಯಾರೂ ಬೇಡ ಅನ್ನದಿದ್ದರೆ ಒಪ್ಪಿಗೆ. ಮೌನಂ ಸಮ್ಮತಿ ಲಕ್ಷಣಂ ಅಂತ ದೊಡ್ಡವರು ಹೇಳಿದ್ದಾರೆ. ಎಷ್ಟು ಹೊತ್ತಿನ ಮೌನ ಅಂತ ಅವರು ಹೇಳಲಿಲ್ಲ, ನಾನು ಹೇಳಿದೆ.

ನಮ್ಮದು ಸೀರೆಯ ಅಂಚಿನ ನಕ್ಷೆ ಬಿಡಿಸುವ ತಂತ್ರಾಂಶ. ಪುಕ್ಕಟೆ, ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ತಿದ್ದಬಹುದು. ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸಿದರೆ ಒಂದು ಯಂತ್ರ ಅದನ್ನು ನೋಡಿ ರಟ್ಟಿಗೆ ತೂತು ಹೊಡೆಯುತ್ತದೆ, ಆ ರಟ್ಟನ್ನು ಮಗ್ಗಕ್ಕೆ ಕಟ್ಟಿದರೆ ಅಂಚು ಮೂಡುತ್ತದೆ. ಆರು ವರ್ಷದ ಹಿಂದೆ ಇದನ್ನು ಶುರು ಮಾಡಿದವರು ಇಬ್ಬರೇ. ಡಿಪ್ಲೊಮಾ ಓದಿಯೂ ರಾಮದುರ್ಗದ ಮಗ್ಗ ಬಿಡದ ನಾನು, ಬೈಲಹೊಂಗಲದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುವ ಗೌರೀಶ. ಈಗ ಹದಿನೆಂಟು ಜನ. ಮುಖ ನೋಡಿದ್ದು ಕಡಿಮೆ. ಗೌರೀಶನನ್ನು ನೋಡಿಯೇ ಎರಡು ವರ್ಷವಾಗಿತ್ತು.

ಮಾರ್ಚಿನಲ್ಲಿ ಅವನು ಒಂದು ಚಾಟ್ ಗ್ರೂಪ್ ತೆರೆದ. ನನಗೆ ಅದು ಆಗಲೇ ಹಿಡಿಸಲಿಲ್ಲ. ನಮ್ಮ ಶೆಡ್ಡಿನಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಮೊಬೈಲು ಹೊರಗಿನ ಪೆಟ್ಟಿಗೆಯಲ್ಲಿ ಮಲಗಿರುತ್ತದೆ. ಫೋನ್ ಮಾಡಿ ಕೇಳಿದೆ.

"ಗಪ್ಪಾ ಹೊಡ್ಯಾಕಷ್ಟ ಅಕ್ಕಾ," ಅಂದ. "ನಿರ್ಧಾರ ಎಲ್ಲಾ ಮೇಲ್‌ನ್ಯಾಗ. ನಿಮ್ಮನ್ನ ಬಿಟ್ಟು ಏನರ ಮಾಡತೇನೇನ್ರಿ?"

ನಂಬಿದೆ. ಅವನನ್ನು ನಂಬದೆ ಇನ್ಯಾರನ್ನು ನಂಬಲಿ?

ಜುಲೈ ತಿಂಗಳ ಒಂದು ಮಂಗಳವಾರ ಸಂಜೆ ಪೆಟ್ಟಿಗೆಯಿಂದ ಮೊಬೈಲು ತೆಗೆದರೆ ಮುನ್ನೂರು ಚಿಲ್ಲರೆ ಮೆಸೇಜು. ಯಾರದೋ ಹುಟ್ಟುಹಬ್ಬದ ಕೇಕು, ನಾಯಿಯೊಂದು ಸೈಕಲ್ ತುಳಿಯುವ ವಿಡಿಯೊ, ಅದರ ನಡುವೆ ಹನ್ನೊಂದು ಹತ್ತಕ್ಕೆ ಗೌರೀಶ ಬರೆದಿದ್ದ: ಹಳೆಯ ತೂತಿನ ಯಂತ್ರ ನಡೆಸುವ ಭಾಗವನ್ನು ಮುಂದಿನ ಆವೃತ್ತಿಯಿಂದ ಕಿತ್ತು ಹಾಕೋಣ, ಹೊಸ ಯಂತ್ರಗಳಷ್ಟೇ ಸಾಕು. ಯಾರೋ ಒಬ್ಬರು ನನ್ನ ಹೆಸರೆತ್ತಿ "ಮೀನಕ್ಕ ಏನಂತಾರ?" ಎಂದು ಕೇಳಿದ್ದರು. ಗೌರೀಶನ ಉತ್ತರ: "ಅಕ್ಕಗ ಹೇಳೇನಿ, ಹೂಂ ಅಂದಾರ." ಹನ್ನೊಂದು ಐವತ್ತಕ್ಕೆ: "ಯಾರೂ ಬ್ಯಾಡ ಅನ್ನಲಿಲ್ಲ. ಒಪ್ಪಿಗಿ ಆತು."

ಅವನು ನನಗೆ ಹೇಳಿರಲಿಲ್ಲ, ನಾನು ಹೂಂ ಅಂದಿರಲಿಲ್ಲ. ನಮ್ಮ ನೇಕಾರರ ಸಂಘದಲ್ಲಿರುವುದು ಆ ಹಳೆಯ ಯಂತ್ರವೊಂದೇ. ಅದು ನಿಂತರೆ ನಮ್ಮ ಓಣಿಯ ಸಾವಿತ್ರೆವ್ವನದೂ ಸೇರಿ ಹನ್ನೊಂದು ಮಗ್ಗಕ್ಕೆ ಹೊಸ ಅಂಚು ಇಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಭಾನುವಾರ ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಬೈಲಹೊಂಗಲದ ಅವನ ಅಂಗಡಿಗೆ ಹೋದೆ. ಗೌರೀಶ ಎದ್ದು ನಿಂತು ಕುರ್ಚಿ ಒರೆಸಿದ, ಚಹಾ ತರಿಸಿದ. ಮರ್ಯಾದೆಗೆ ಅವನಲ್ಲಿ ಯಾವತ್ತೂ ಕೊರತೆ ಇಲ್ಲ.

"ನಾ ಯಾವಾಗ ಹೂಂ ಅಂದ್ನೋ?" ಕೈಚೀಲ ಮಡಿಲಲ್ಲಿಟ್ಟುಕೊಂಡು ಕೇಳಿದೆ.

"ಅಂತಿದ್ರಿ ಬಿಡ್ರಿ ಅಕ್ಕಾ. ಎಲ್ಲಾರೂ ಅಲ್ಲೇ ಇದ್ರು, ಕೆಲಸ ಲಗೂನ ಮುಗೀತು. ಮೇಲ್‌ಗೆ ಹಾಕಿದ್ರ ಎಂಟು ದಿನ. ಯಾರಿಗೈತ್ರಿ ಅಷ್ಟು ಪುರಸೊತ್ತು?"

"ಹನ್ನೊಂದು ಮಗ್ಗ ಅದಾವೋ ಅಲ್ಲಿ. ಮೇಲ್‌ನ್ಯಾಗ ಬರದಿದ್ನಲ್ಲ?"

"ನಿಮ್ಮ ಮೇಲ್ ಅಂದ್ರ ಪುರಾಣರಿ. ಖರೇ ಹೇಳಲೇನು? ಯಾರೂ ಓದಂಗಿಲ್ಲ. ನಾ ಒಬ್ಬಾವ ಪೂರಾ ಓದತೇನಿ, ಪ್ರತಿಯೊಂದಕ್ಕೂ ಉತ್ತರ ಕೊಡತೇನಿ. ಕೊಟ್ಟಿಲ್ಲೇನ್ರಿ?"

ಕೊಟ್ಟಿದ್ದ, ಸುಳ್ಳಲ್ಲ. 'ಓದಿದೆ. ಒಪ್ಪಿಗೆ.' ಯಾವಾಗಲೂ ಅದೇ ಎರಡು ಮಾತು. ಸಿಟ್ಟು ಸ್ವಲ್ಪ ಇಳಿಯಿತು ಅಂತಲೇ ಹೇಳಬೇಕು. ಒಬ್ಬನಾದರೂ ಓದಿದ್ದಾನೆ, ಮಾತಾಡಿದರೆ ತಿದ್ದಿಕೊಂಡಾನು ಅನ್ನಿಸಿತು. ಚಹಾದ ಕಪ್ಪಿಗೆ ಕೈ ಚಾಚಿದೆ.

"ಅಯ್ಯ ಅಕ್ಕಾ!" ಗೌರೀಶ ಗಾಬರಿಯಾಗಿ ಮುಂದಕ್ಕೆ ಬಾಗಿದ. "ಬೆರಳಿಗೇನಾತ್ರಿ?"

ನನ್ನ ಬಲಗೈಯ ತೋರುಬೆರಳು ಅರ್ಧ ಇಲ್ಲ. ಡಿಸೆಂಬರಿನಲ್ಲಿ ಅದೇ ಹಳೆಯ ಯಂತ್ರದ ಮೇಲೆ ನಮ್ಮ ಹೊಸ ಕೋಡನ್ನು ಪರೀಕ್ಷೆ ಮಾಡುವಾಗ ಸಿಕ್ಕಿಕೊಂಡಿತು. ಜನವರಿಯಲ್ಲಿ ಎಡಗೈಯಿಂದ ಒಂದೊಂದೇ ಅಕ್ಷರ ಒತ್ತಿ ಎರಡು ದಿನ ಕೂತು ಬರೆದಿದ್ದೆ: ಹೀಗಾಯಿತು, ಮತ್ತೊಬ್ಬರಿಗೆ ಆಗಬಾರದು, ಯಂತ್ರ ತಾನೇ ನಿಲ್ಲುವ ಹಾಗೆ ನಾಲ್ಕು ಸಾಲು ಸೇರಿಸು ಗೌರೀಶ, ನನ್ನಿಂದ ಸದ್ಯ ಆಗುವುದಿಲ್ಲ. ಅವತ್ತೇ ಉತ್ತರ ಬಂದಿತ್ತು. ಓದಿದೆ. ಒಪ್ಪಿಗೆ. ಪಾಪ, ದುಃಖಕ್ಕೆ ಅವನಿಗೆ ಬೇರೆ ಮಾತು ಸಿಗಲಿಲ್ಲ ಅಂದುಕೊಂಡು ನಾನು ಅತ್ತಿದ್ದೆ.

"ಜನವರಿ ಒಂಬತ್ತನೇ ತಾರೀಖಿನ ಮೇಲ್ ತಗಿ," ಎಂದೆ.

ಅವನು ಮೊಬೈಲು ತೆಗೆದು ಹುಡುಕತೊಡಗಿದ. ಅವನು ಓದಿ ಮುಗಿಸುವವರೆಗೆ ನಾನು ಕಾಯಲಿಲ್ಲ, ಕೈಚೀಲ ಎತ್ತಿಕೊಂಡು ಬಸ್ಸಿಗೆ ನಡೆದೆ.