ಪಟ್ಟಿಯ ಕೊನೆಯ ಮರಿ

ಈಗಲೇ ಹೇಳಿಬಿಟ್ಟರೆ? ಹುಡುಗಿ ಬಾಗಿಲ ಬಳಿ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದಾಳೆ. ತಲೆ ತಗ್ಗಿಸಿದ್ದಾಳೆ, ಮುಖ ಕಾಣುತ್ತಿಲ್ಲ. ಮುಖ ಕಾಣದಿರುವಾಗ ಹೇಳುವುದು ಸುಲಭ. ಆದರೆ ಯಾವ ಮಾತಿನಿಂದ ಶುರು ಮಾಡುವುದು? ‘ಒಂದು ತಪ್ಪಾಗಿದೆ’ ಅನ್ನಬೇಕೋ, ‘ಒಂದು ತಪ್ಪು ಮಾಡಿದ್ದೇನೆ’ ಅನ್ನಬೇಕೋ? ಮೊದಲನೆಯದರಲ್ಲಿ ತಪ್ಪು ಗಾಳಿಯ ಹಾಗೆ ತಾನೇ ಬಂದು ತಾನೇ ಹೋಗಿರುತ್ತದೆ. ಎರಡನೆಯದಕ್ಕೆ ಒಬ್ಬ ಮನುಷ್ಯ ಬೇಕು.

“ಅಂಕಲ್, ಫೋನ್ ಚಾರ್ಜ್ ಎಷ್ಟಿದೆ?”

“ನೂರಿದೆ.”

“ನೂರಕ್ಕೆ ನೂರಾ? ಪರವಾಗಿಲ್ವೇ, ಕಲ್ತುಬಿಟ್ರಿ.”

ಅವಳು ಎದ್ದು ನಿಂತಳು. ಮುಖ ಕಂಡಿತು. ಹೇಳಲು ಆಗಲಿಲ್ಲ.

ಒಳಗಿನಿಂದ ಅವನ ಹೆಂಡತಿಯ ದನಿ ಬಂತು. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಭಾನುವಾರವೂ ಅರ್ಧ ದಿನ ಹೋಗಬೇಕು. “ಇಬ್ರೂ ಫೋನಲ್ಲಿ ಮುಖ ಹುಗಿದುಕೊಂಡು ಕಂಬಕ್ಕೆ ಹಣೆ ಚಚ್ಚಿಕೊಂಡು ಬರ್ಬೇಡಿ. ನಮ್ ಅಂಗಡೀಲಿ ಬ್ಯಾಂಡೇಜ್ ಸಿಗುತ್ತೆ, ಬುದ್ಧಿ ಸಿಗಲ್ಲ.”

“ಕಂಬ ಬಂದ್ರೆ ನಾನು ಹೇಳ್ತೀನಮ್ಮಾ,” ಅಂದಳು ಹುಡುಗಿ. “ಅಂಕಲ್‌ಗಿನ್ನೂ ಅಭ್ಯಾಸ ಸಾಲ್ದು.”

ಅವನು ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವವನು. ಮನೆ ಮನೆಗೆ ಹೋಗಿ, ಗೇಟಿನ ಪಕ್ಕದ ಸಣ್ಣ ಕಬ್ಬಿಣದ ಮುಚ್ಚಳ ಎತ್ತಿ, ಜೇಡರ ಬಲೆ ಸರಿಸಿ, ಗಾಜಿನ ಮೇಲಿನ ತೇವವನ್ನು ಹೆಬ್ಬೆರಳಲ್ಲಿ ಒರೆಸಿ ಅಂಕಿ ಬರೆದುಕೊಳ್ಳುವುದು. ಹದಿನಾರು ವರ್ಷದಿಂದ ಅದೇ. ಬೀದಿಯವರಿಗೆ ಅವನ ಹೆಸರು ಗೊತ್ತಿರಲಿಲ್ಲ, ‘ಮೀಟ್ರು ಬಂದ್ರು’ ಅನ್ನುತ್ತಿದ್ದರು. ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಅವನಿಗೆ ಮೊದಲನೆಯದು, ಹೆಂಡತಿಗೆ ಎರಡನೆಯದು. ಒಂಬತ್ತು ವರ್ಷದ ಈ ಹುಡುಗಿ ಅವಳ ಮಗಳು. ಹುಡುಗಿಯ ಅಪ್ಪ ಕಾಯಿಲೆ ಬಿದ್ದು ತೀರಿಕೊಂಡು ಎರಡೂವರೆ ವರ್ಷ.

ಮೊದಲ ವರ್ಷವೆಲ್ಲ ಅವರಿಬ್ಬರ ನಡುವೆ ಮಾತೆಂದರೆ ‘ಅಮ್ಮ ಎಲ್ಲಿ?’ ಮತ್ತು ‘ಸ್ನಾನಕ್ಕೋಗಿದಾಳೆ’. ಜಗಳವಿರಲಿಲ್ಲ. ಜಗಳವಿದ್ದಿದ್ದರೆ ರಾಜಿಗಾದರೂ ದಾರಿಯಿರುತ್ತಿತ್ತು. ಅವಳು ಬೇಕಾದ್ದನ್ನೆಲ್ಲ ಅಮ್ಮನ ಮೂಲಕ ಕೇಳುತ್ತಿದ್ದಳು, ಅವನು ಅಮ್ಮನ ಮೂಲಕವೇ ಕೊಡುತ್ತಿದ್ದ. ಒಂದೇ ಕೋಣೆಯಲ್ಲಿ ಕೂತಿದ್ದಾಗಲೂ ಮಾತು ಅಡುಗೆಮನೆ ಸುತ್ತಿ ಬರುತ್ತಿತ್ತು.

ಆರು ತಿಂಗಳ ಹಿಂದೆ ಅವಳಪ್ಪನ ಹಳೆಯ ಫೋನಿನ ಬ್ಯಾಟರಿ ಉಬ್ಬಿಕೊಂಡು ಅದು ಸತ್ತೇ ಹೋಯಿತು. ಅದರಲ್ಲಿ ಅವಳ ಆಟವಿತ್ತು. ಬೀದಿಯಲ್ಲಿ ನಡೆಯುತ್ತ ಆಡುವ ಆಟ. ಪರದೆಯ ಮೇಲೆ ನಿಜವಾದ ರಸ್ತೆಗಳದೇ ನಕ್ಷೆ ಇರುತ್ತದೆ. ನಡೆದುಹೋದ ಕಡೆಯಲ್ಲೆಲ್ಲ ವಿಚಿತ್ರ ಪ್ರಾಣಿಗಳು ಎದ್ದು ಬರುತ್ತವೆ. ಬೆರಳಿನಿಂದ ಚೆಂಡು ತಳ್ಳಿ ಅವನ್ನು ಹಿಡಿಯಬೇಕು. ಹುಡುಗಿಗೆ ಅವೆಲ್ಲವೂ ‘ಮರಿ’ಗಳು, ರೆಕ್ಕೆಯಿದ್ದರೂ ಕೋರೆಯಿದ್ದರೂ. ಅವಳ ಖಾತೆಯನ್ನು ಅವನ ಫೋನಿಗೆ ಹಾಕಿದ್ದಾಯಿತು. ಬೇರೆ ದಾರಿಯಿಲ್ಲದೆ ಅವಳು ಅವನ ಜೊತೆ ಹೊರಟಳು.

ಮೊದಲ ಭಾನುವಾರವೇ ಪಾಠ ಆರಂಭವಾಗಿತ್ತು.

“ನಡೆಯೋವಾಗ ಫೋನ್ ನೋಡ್ಬಾರ್ದು. ಅದು ಗುಂಯ್ ಅನ್ನುತ್ತೆ, ಆಗ ನಿಲ್ಬೇಕು. ನಿಲ್ಲೋದಂದ್ರೆ ರಸ್ತೆ ಮಧ್ಯ ಅಲ್ಲ, ಗೋಡೆಗೆ ಒರಗಿ.”

“ಸರಿ.”

“ಒಬ್ರು ಎಸೀಬೇಕು, ಇನ್ನೊಬ್ರು ಗಾಡಿ ಬರುತ್ತಾ ನೋಡ್ಬೇಕು. ಎಸೆಯೋದು ನಾನು.”

“ಗಾಡಿ ನೋಡೋದು ನಾನು.”

“ಯಾರ ಕಾಂಪೌಂಡ್ ಒಳಗೂ ನುಗ್ಬಾರ್ದು, ಎಷ್ಟು ಒಳ್ಳೆ ಮರಿ ಇದ್ರೂನೂ.”

“ನಾನು ನುಗ್ಗಬಹುದು,” ಅಂದಿದ್ದ ಅವನು. “ನನ್ ಹತ್ರ ಇಲಾಖೆ ಗುರುತಿನ ಚೀಟಿ ಇದೆ.”

ಆವತ್ತು ಮೊದಲ ಸಲ ಅವಳು ಅವನ ಮಾತಿಗೆ ನಕ್ಕಿದ್ದಳು. ಆಮೇಲೆ ಮೊಟ್ಟೆಗಳ ವಿಷಯ ಹೇಳಿದಳು. ಆಟದಲ್ಲಿ ಮೊಟ್ಟೆಗಳು ಸಿಗುತ್ತವೆ, ಅವು ಕಾವಿನಿಂದಲ್ಲ, ನಡಿಗೆಯಿಂದ ಒಡೆಯುತ್ತವೆ. ಐದು ಕಿಲೋಮೀಟರ್ ನಡೆದರೆ ಒಂದು ಮರಿ. “ನೀವು ಕೆಲಸಕ್ಕೆ ಹೋಗೋವಾಗ್ಲೂ ಆಟ ತೆಗೆದಿಡಿ ಅಂಕಲ್. ದಿನಾ ಅಷ್ಟೊಂದು ನಡೀತೀರ, ಸುಮ್ನೆ ದಂಡ ಆಗ್ತಿದೆ.” ಹದಿನಾರು ವರ್ಷದ ತನ್ನ ನಡಿಗೆ ದಂಡವಾಗಿತ್ತೆಂದು ಅವನಿಗೆ ಯಾರೂ ಹೇಳಿರಲಿಲ್ಲ; ಅದು ಯಾರಿಗಾದರೂ ಬೇಕಾದೀತು ಎಂದೂ ಹೇಳಿರಲಿಲ್ಲ. ಸಂಜೆ ಮನೆಗೆ ಬಂದ ಕೂಡಲೇ ಅವಳು, “ಇವತ್ತೆಷ್ಟು ಒಡೀತು?” ಎಂದು ಕೇಳುವುದು ರೂಢಿಯಾಯಿತು. ಅವನು ಚಪ್ಪಲಿ ಬಿಡುತ್ತ, “ಎರಡು,” ಅನ್ನುತ್ತಿದ್ದ. ಅಡುಗೆಮನೆಯನ್ನು ಸುತ್ತದೆ ನೇರವಾಗಿ ಬಂದು ಹೋಗುವ ಮಾತು ಅದೊಂದೇ.

ಹಿಂದಿನ ಭಾನುವಾರ ಪಾರ್ಕಿನ ಕೊಳದ ಬಳಿ ಒಂದು ನೀಲಿ ರೆಕ್ಕೆಯ ಮರಿ ಬಂತು. ತಿಂಗಳುಗಟ್ಟಲೆ ಅವಳು ಕಾದಿದ್ದ ಮರಿ. ಆದರೆ ಆಟದಲ್ಲಿ ಮರಿಗಳನ್ನಿಡುವ ಚೀಲ ತುಂಬಿತ್ತು. ಮುನ್ನೂರಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅವಳು ಗಾಬರಿಯಿಂದ ಪಟ್ಟಿ ತೆರೆದು, ಕೆಳಗಿನ ಸಣ್ಣಪುಟ್ಟವನ್ನು ಪಟಪಟನೆ ಒತ್ತಿ ‘ಬಿಡುಗಡೆ’ ಮಾಡಿದಳು. ಅಷ್ಟು ಹೊತ್ತಿಗೆ ನೀಲಿ ರೆಕ್ಕೆ ಮಾಯವಾಗಿತ್ತು. ಅವಳು ಅಳಲಿಲ್ಲ. ಕೆಳತುಟಿಯನ್ನು ಒಳಗೆ ಎಳೆದುಕೊಂಡು ಮನೆಯವರೆಗೂ ನಡೆದಳು.

ಆ ತುಟಿ ಅವನ ಕಣ್ಣಿಂದ ಹೋಗಲಿಲ್ಲ. ಗುರುವಾರ ಮಧ್ಯಾಹ್ನ, ಒಂದು ವಸತಿ ಕಟ್ಟಡದ ಮೆಟ್ಟಿಲ ಕೆಳಗೆ ಊಟದ ಡಬ್ಬಿ ಮುಗಿಸಿ ಅವನು ಫೋನ್ ತೆಗೆದ. ಮರಿಗಳನ್ನು ಬಲದ ಅಂಕಿಯ ಪ್ರಕಾರ ಜೋಡಿಸಬಹುದು. ಅಂಕಿ ಅವನಿಗೆ ಗೊತ್ತಿರುವ ವಿದ್ಯೆ. ಕಚೇರಿಯಲ್ಲೂ ಹಾಗೆಯೇ: ತಿಂಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗೆ ಬರುವವು ನಿಂತುಹೋದ ಮೀಟರುಗಳು, ಅವನ್ನು ಬಿಚ್ಚಿ ತರಬೇಕು. ಬಿಚ್ಚಿ ತಂದವು ಚೀಟಿ ಕಟ್ಟಿಸಿಕೊಂಡು ಗೋದಾಮಿನಲ್ಲಿ ಕೂತಿರುತ್ತವೆ. ಮನೆಯವರು ಬಂದು ಕೇಳಿದರೆ ಹುಡುಕಿ ಕೊಡಬಹುದು. ‘ಬಿಡುಗಡೆ’ ಎಂಬ ಮಾತನ್ನೂ ಅವನು ಹಾಗೆಯೇ ಅರ್ಥ ಮಾಡಿಕೊಂಡ. ಬಿಟ್ಟರೆ ಬೀದಿಗೆ ಹೋಗುತ್ತವೆ, ಇನ್ನೊಮ್ಮೆ ಸಿಗುತ್ತವೆ. ಕೆಳಗಿನಿಂದ ಇಪ್ಪತ್ತನ್ನು ಆರಿಸಿದ. ತೀರಾ ಕೊನೆಯಲ್ಲಿ ಬಸವನಹುಳದಂಥ ಒಂದಿತ್ತು, ಬಲ ಹನ್ನೆರಡು. ಎಲ್ಲವನ್ನೂ ಬಿಟ್ಟ. ಭಾನುವಾರ ಜಾಗ ನೋಡಿ ಅವಳು ಏನನ್ನುತ್ತಾಳೋ ಎಂದು ಊಹಿಸಿಕೊಂಡು ಒಬ್ಬನೇ ನಕ್ಕ.

ಶನಿವಾರ ಸಂಜೆ ಬಟ್ಟೆ ಮಡಚುತ್ತ ಹೆಂಡತಿ ಹೇಳಿದಳು: “ನಾಳೆ ಅವಳು ಸ್ವಲ್ಪ ಸಪ್ಪಗಿರ್ಬಹುದು. ಏನೂ ಕೇಳೋಕೋಗ್ಬೇಡಿ.”

“ಯಾಕೆ?”

“ಆ ಆಟದಲ್ಲಿ ಮೊಟ್ಟಮೊದಲು ಹಿಡಿದಿದ್ದು ಒಂದಿದೆಯಂತೆ, ಬಸವನಹುಳದ ಥರದ್ದು. ಅವರಪ್ಪ ಹಾಸಿಗೆ ಮೇಲೆ ಕೂತ್ಕೊಂಡು ಇವಳ ಬೆರಳು ಹಿಡಿದು ಎಸೆಸಿದ್ರು. ಎಲ್ಲಿ ಹಿಡಿದಿದ್ದು, ಯಾವತ್ತು ಅಂತ ಅದ್ರಲ್ಲಿ ಬರ್ದಿರುತ್ತಲ್ಲ. ನಾಳೆಗೆ ಮೂರು ವರ್ಷ. ವರ್ಷಾವರ್ಷಾ ಆ ದಿನ ತೆಗೆದು ನೋಡ್ತಾಳೆ. ನನಗೂ ತೋರ್ಸಲ್ಲ.”

ಅವನು ತಾನೂ ಮಡಚುತ್ತಿದ್ದ ಟವೆಲನ್ನು ಕೆಳಗಿಟ್ಟ. ಸ್ವಲ್ಪ ಹೊತ್ತಿನ ಮೇಲೆ, ಚಿತ್ರ ಬರೆಯುತ್ತ ಕೂತಿದ್ದ ಹುಡುಗಿಯ ಬಳಿ ಹೋಗಿ ಹಗುರವಾಗಿ ಕೇಳಿದ. “ಅಲ್ಲಾ, ನಾವು ಬಿಟ್ಟ ಮರಿಗಳೆಲ್ಲ ಎಲ್ಲಿಗೆ ಹೋಗ್ತವೆ?”

“ಎಲ್ಲಿಗೂ ಇಲ್ಲ.”

“ಎಲ್ಲಿಗೂ ಅಂದ್ರೆ?”

“ಇರಲ್ಲ, ಅಷ್ಟೆ,” ಅಂದಳು, ಪೆನ್ಸಿಲ್ ಎತ್ತದೆ.

ಕೇಳದೆ ಬಿಡಬಾರದು ಎಂಬ ಪಾಠವನ್ನು ಅವಳು ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವಂಥದ್ದು ಎಂದು ಅವಳಿಗೆ ಅನ್ನಿಸಿಯೇ ಇರಲಿಲ್ಲವೇನೋ.

ಈಗ, ಭಾನುವಾರ ಬೆಳಿಗ್ಗೆ, ಇಬ್ಬರೂ ಬೀದಿಗಿಳಿದರು. ಅವನ ತಲೆಯಲ್ಲಿ ಒಂದೇ ಹಟ: ಇನ್ನೊಂದು ಬಸವನಹುಳ ಸಿಗಬೇಕು. ದಿನಾಂಕ ಬೇರೆಯಿರುತ್ತದೆಂದು ಗೊತ್ತಿದ್ದೂ ಹುಡುಕಿದ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಬೇಕರಿಯ ಮುಂದೆ ಫೋನ್ ಗುಂಯ್ ಅಂದಿತು, ಬೇರೇನೋ ಬಂತು. ಶಾಲೆಯ ಹಿಂಗೋಡೆಯ ಬಳಿ ಇನ್ನೇನೋ. ಲಾಂಡ್ರಿ ಅಂಗಡಿಯ ಪಕ್ಕದ ಓಣಿಯಲ್ಲಿ ಕೊನೆಗೂ ಅದು ಕಂಡಿತು: ಕೊಂಬು ಚಾಚಿಕೊಂಡ ಬಸವನಹುಳ, ಬಲ ಹದಿನಾಲ್ಕು.

“ನಿಲ್ಲು, ನಿಲ್ಲು. ಇದನ್ನ ಹಿಡಿಯೋಣ.”

“ಇದಾ? ಚಿಲ್ಲರೆ ಮರಿ ಅಂಕಲ್. ಚೆಂಡು ದಂಡ.”

“ಇರ್ಲಿ, ಪಾಪ.”

“ಪಾಪ ಅಂತೆ!” ಅವಳು ಅವನನ್ನು ಒಂದು ಕ್ಷಣ ನೋಡಿದಳು. “ಹಾಗಾದ್ರೆ ನೀವೇ ಎಸೀರಿ. ಗಾಡಿ ನಾನು ನೋಡ್ತೀನಿ.”

ಅವನ ಮೊದಲ ಚೆಂಡು ಮೇಲೆ ಹಾರಿತು. ಎರಡನೆಯದು ಪಕ್ಕಕ್ಕೆ ಉರುಳಿತು. “ಏನಂಕಲ್, ಹುಲಿ ಹಿಡೀತಿದೀರಾ?” ಅಂದಳು. ಮೂರನೆಯದಕ್ಕೆ ಅದು ಒಳಗೆ ಬಂತು.

ಕೊಳದ ಬಳಿಯ ಬೆಂಚಿನಲ್ಲಿ ಕೂತಾಗ ಅವಳು ಕೈ ಚಾಚಿದಳು. “ಫೋನ್ ಕೊಡಿ. ನೀವು ಆ ಕಡೆ ತಿರುಗಿ.”

ಅವನು ತಿರುಗಿದ. ನೀರಿನ ಮೇಲೆ ಒಣ ಎಲೆಯೊಂದು ಒಂದೇ ಜಾಗದಲ್ಲಿ ನಿಂತು ತಿರುಗುತ್ತಿತ್ತು. ಪಟ್ಟಿ ಕೆಳಕ್ಕೆ ಸರಿಯುವುದಕ್ಕೆ ಸದ್ದಿರುವುದಿಲ್ಲ. ಆದರೂ ಅವನು ಕೇಳಿಸಿಕೊಳ್ಳುತ್ತಿದ್ದ. ಅವಳು ಕೊನೆ ಮುಟ್ಟಿದ್ದು, ಅಲ್ಲಿದ್ದದ್ದನ್ನು ತೆರೆದದ್ದು, ಇವತ್ತಿನ ದಿನಾಂಕ ಓದಿದ್ದು, ಮತ್ತೆ ಮೇಲಕ್ಕೆ ಹೋದದ್ದು, ಮತ್ತೆ ಕೆಳಗೆ ಬಂದದ್ದು, ಎಲ್ಲವೂ ಅವಳ ಉಸಿರಿನಲ್ಲಿ ಗೊತ್ತಾಗುತ್ತಿತ್ತು. ಬಹಳ ಹೊತ್ತಾಯಿತು.

“ಅಂಕಲ್.”

“ಹೂಂ.”

“ನಂದೊಂದು ಮರಿ ಇಲ್ಲ.”

ಅವನು ತಿರುಗಿ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ.

“ಹೋದ್ ವಾರ ಇಲ್ಲೇ ಅಲ್ವಾ, ಅವಸರದಲ್ಲಿ ಬಿಟ್ಟಿದ್ದು. ಅದೊಂದನ್ನ ಬಿಟ್ಟು ಉಳಿದಿದ್ದನ್ನ ಒತ್ತಿದೆ ಅನ್ಕೊಂಡಿದ್ದೆ. ಎಷ್ಟು ಒತ್ತಿದ್ನೋ, ಎಣಿಸ್ಲೇ ಇಲ್ಲ. ಈಗ ನೋಡಿದ್ರೆ ಅಷ್ಟೊಂದು ಜಾಗ ಖಾಲಿ ಇದೆ. ಅದೂ ಅದರಲ್ಲೇ ಹೋಗಿದೆ. ನಾನೇ ಕಳ್ಸಿಬಿಟ್ಟೆ.”

“ನೀನಲ್ಲ,” ಅಂದ ಅವನು. ಬಾಯಿಂದ ತಾನಾಗಿ ಬಂತು.

“ಮತ್ತಿನ್ಯಾರು? ಫೋನ್‌ಗೇನು ಕೈಕಾಲಿದ್ಯಾ?”

ಅದು ಪ್ರಶ್ನೆಯಾಗಿತ್ತು. ಉತ್ತರಕ್ಕೆ ಎರಡೇ ಅಕ್ಷರ ಸಾಕಿತ್ತು. ಅವಳು ಒಂದಷ್ಟು ಹೊತ್ತು ಕಾದಳು ಕೂಡ, ಅಥವಾ ಕಾದಳೆಂದು ಅವನಿಗೆ ಆಮೇಲೆ ಅನ್ನಿಸಿತು. ಆರು ತಿಂಗಳ ಸಂಜೆಗಳು, ‘ಇವತ್ತೆಷ್ಟು ಒಡೀತು’ ಎಂಬ ಆ ಒಂದು ಮಾತು, ಎಲ್ಲವೂ ಆ ಎರಡು ಅಕ್ಷರದ ಆಚೆ ಬದಿಯಲ್ಲಿ ನಿಂತಿದ್ದವು. ಅವನು ನೀರಿನ ಮೇಲಿನ ಆ ಎಲೆಯ ಕಡೆಗೇ ನೋಡಿದ.

“ನೀವು ಸಮಾಧಾನಕ್ಕೆ ಹಾಗಂತೀರ,” ಅಂದಳು ಅವಳು. ಆಮೇಲೆ ತಡೆಯಲಾಗದೆ ಅಳು ಬಂತು. ಸದ್ದಿಲ್ಲದ ಅಳು. ಅಳುತ್ತಲೇ ಆ ಮರಿ ಯಾವುದು, ಪರದೆಯಲ್ಲಿ ಮಂಚದ ಕಾಲ ಬಳಿ ಅದು ಹೇಗೆ ಕೂತಿತ್ತು, ಅಪ್ಪ ‘ಮೆಲ್ಲಗೆ, ಮೆಲ್ಲಗೆ, ಅದಕ್ಕೆ ನೋವಾಗ್ಬಾರ್ದು’ ಎಂದು ಹೇಗೆ ಬೆರಳು ಹಿಡಿದಿದ್ದ, ಎಲ್ಲವನ್ನೂ ಹೇಳಿದಳು. ಅಮ್ಮನಿಗೂ ತೋರಿಸದಿದ್ದದ್ದನ್ನು ಅವನಿಗೆ ಹೇಳಿದಳು. ಅವನು ಕೇಳಿದ. ಅಂಥದೊಂದು ಮಾತಿಗಾಗಿ ಒಂದೂವರೆ ವರ್ಷ ಕಾದಿದ್ದವನು, ಅದು ಬಂದಾಗ ತಲೆ ಎತ್ತಲಾರದೆ ಕೂತಿದ್ದ.

“ಅಮ್ಮಂಗೆ ಹೇಳ್ಬೇಡಿ,” ಅಂದಳು ಕೊನೆಗೆ, ತೋಳಿಂದ ಮೂಗೊರೆಸಿಕೊಂಡು. “ಬೇಜಾರು ಮಾಡ್ಕೋತಾಳೆ. ನನ್ ನಿಮ್ ನಡುವೆ ಇರ್ಲಿ.”

“ಹೂಂ.”

“ಹೂಂ ಅಂದ್ರೆ ಆಗಲ್ಲ. ಹೇಳಲ್ಲ ಅನ್ನಿ.”

“ಹೇಳಲ್ಲ.”

ಅವಳು ಬೆಂಚಿನ ಮೇಲೆ ಸರಿದು ಅವನ ತೋಳಿಗೆ ಒರಗಿದಳು. ತೂಕವೇ ಇರಲಿಲ್ಲ. ಕೂತಷ್ಟು ಹೊತ್ತೂ ಅವನು ಆ ತೋಳನ್ನು ಅಲುಗಿಸಲಿಲ್ಲ. ಫೋನ್ ಎರಡು ಸಲ ಗುಂಯ್ ಅಂದಿತು, ಇಬ್ಬರೂ ತೆಗೆಯಲಿಲ್ಲ.

ಮುಂದೆ ಅವಳು ದೊಡ್ಡವಳಾದಳು. ಆಟ ಮರೆತಳು, ಅವನನ್ನು ಅಂಕಲ್ ಅನ್ನುವುದನ್ನೂ ಯಾವಾಗಲೋ ಬಿಟ್ಟಳು. ತೀರಿಹೋದ ಅಪ್ಪನ ಮಾತು ಬಂದಾಗ ಒಮ್ಮೊಮ್ಮೆ ಗೆಳತಿಯರಿಗೆ ಹೇಳುತ್ತಿದ್ದಳು: “ಅಪ್ಪ ಹಿಡಿದುಕೊಟ್ಟಿದ್ದು ಒಂದಿತ್ತು ಕಣ್ರೇ, ನನ್ ಕೈಯಾರೆ ನಾನೇ ಕಳ್ಕೊಂಡೆ.” ಅವನು ಅದೇ ಕೋಣೆಯಲ್ಲಿ ಪೇಪರ್ ಓದುತ್ತ ಕೂತಿರುತ್ತಿದ್ದ. ಅದನ್ನು ಬಿಟ್ಟದ್ದು ನಾನು ಎಂದು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.